ಕುದುರೆ ಸತ್ತಿತು, ಸೊನ್ನೆ

ನನ್ನ ಟೀವಿ ಕೆಟ್ಟು ನಾಲ್ಕು ವರ್ಷ.
ರಿಪೇರಿ ಮಾಡಿಸಿಲ್ಲ, ಬೇಕಂತಲೇ.
ಗುರುವಾರ ವುಚ್ ಊರಿನ ಕೊನೆಯ ಡಿಪೋದಲ್ಲಿ ಟ್ರಾಮು ನಿಲ್ಲಿಸಿ
ಸೂರ್ಯಕಾಂತಿ ಬೀಜದ ಪೊಟ್ಟಣ ಹಿಡಿದು
ಅವರ ನಾಲ್ಕನೇ ಮಹಡಿ ಹತ್ತುತ್ತೇನೆ.
ಬಾಗಿಲು ತೆಗೆದ ಜೆನೊನ್ ನಮಸ್ಕಾರದ ಬದಲು
"ಶುರುವಾಗಿದೆ. ಒಬ್ಬ ಸತ್ತ. ಒಳ್ಳೆಯವನೇನಲ್ಲ" ಎನ್ನುತ್ತಾನೆ.

ಮೂವತ್ತೊಂದು ವರ್ಷ ಬೀಗದ ಕಾರ್ಖಾನೆಯಲ್ಲಿ ಸವೆದವನು.
ಪತ್ತೇದಾರ ಹೇರ್‌ಪಿನ್ನು ತಿರುಗಿಸಿ ಕದ ತೆರೆದನೋ,
ಕಥೆ ಅಲ್ಲಿಗೆ ಮುಗಿಯಿತು:
"ಏಳು ಪಿನ್ನಿನ ಬೀಗ ಅದು. ಇವನಪ್ಪ ಬಂದರೂ ಆಗದು."
ಅವನಕ್ಕ ವಿಯೆಸ್ವಾವಾ ನೋಡುವುದು ಅಡುಗೆಮನೆ ಮಾತ್ರ.
"ಈರುಳ್ಳಿ ಹಿಡಿದ ಕೈ ನೋಡೇ,
ಜನ್ಮದಲ್ಲಿ ಒಲೆ ಹಚ್ಚಿದವಳಲ್ಲ.
ಐದು ಮಕ್ಕಳ ತಾಯಿಯಂತೆ, ಇವಳು!"

ನಮ್ಮಲ್ಲಿ ಹೊರದೇಶದ ಸಿನಿಮಾಕ್ಕೆಲ್ಲ
ಒಬ್ಬನೇ ಗಂಡಸಿನ ದನಿ.
ಕೊಂದವನಿಗೂ ಅವನೇ, ಸತ್ತವಳಿಗೂ ಅವನೇ.
"ನೀನಿಲ್ಲದೆ ಬದುಕಲಾರೆ" ಎಂಬುದನ್ನೂ
ರೈಲು ಹತ್ತು ನಿಮಿಷ ತಡ ಎಂಬ ಹಾಗೆ ಓದುತ್ತಾನೆ.
ಅವನ ಅಡಿಯಲ್ಲಿ ನಿಜದ ದನಿಗಳು
ಮುಚ್ಚಳದ ಕೆಳಗಿನ ಸಾರಿನಂತೆ ಕುದಿಯುತ್ತಿರುತ್ತವೆ.

ಟೀವಿಯ ಪಕ್ಕ ಗ್ಯಾಸ್ ಮೀಟರಿನ ಲೆಕ್ಕದ ಪುಸ್ತಕ.
ಹಿಂದಿನಿಂದ ತಿರುವಿದರೆ ಯೊಲಾಂತಾಳ ಅಕ್ಷರ,
ಪ್ರತಿ ಚಿತ್ರಕ್ಕೂ ಹತ್ತಕ್ಕೆ ಇಷ್ಟು:
ಕೋಟು ಚೆನ್ನಾಗಿತ್ತು. ಆರು.
ಕುದುರೆ ಸತ್ತಿತು. ಸೊನ್ನೆ.
ಮೀಸೆ ನಕಲಿ, ದುಃಖ ಅಸಲಿ. ಏಳೂವರೆ.
ಎಲ್ಲರೂ ಅತ್ತರು, ನನ್ನ ಇಸ್ತ್ರಿ ಮುಗಿಯಿತು. ಎಂಟು.
ಆಮೇಲೊಂದು ಗುರುವಾರ, ಅಂಕವೇ ಇಲ್ಲದ ಸಾಲು:
ಕೊನೆ ಏನೆಂದು ಮೊದಲೇ ಗೊತ್ತಿತ್ತು.

ಅದೇ ವಾರ ಎದುರಿನ ಬ್ಲಾಕಿಗೆ ಹೋಗಿಬಿಟ್ಟಳು,
ಲಿಫ್ಟು ರಿಪೇರಿಯವನ ಜೊತೆ.
ಯಾರೂ ಕೂಗಾಡಲಿಲ್ಲ, ಬಾಗಿಲು ಬಡಿಯಲಿಲ್ಲ.
(ಸಿನಿಮಾ ಆಗಿದ್ದರೆ ವಿಯೆಸ್ವಾವಾ ನಂಬುತ್ತಿರಲಿಲ್ಲ.)
ಇಸ್ತ್ರಿ ಪೆಟ್ಟಿಗೆ ಒಯ್ದಳು,
ಗಂಡನನ್ನೂ ಪುಸ್ತಕವನ್ನೂ ಬಿಟ್ಟಳು.
ಈಗ ಬರೆಯುವ ಕೆಲಸ ನನ್ನದು.

ಈಸ್ಟರಿಗೆ ಬಂದ ಮೊಮ್ಮಗ ಕಾಯೆತಾನ್
ಸಾಬೂನಿನಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಸಿಕ್ಕಿಸಿದ.
ಜಾಹೀರಾತಿಲ್ಲ. ಬೇಕಾದಾಗ ನಿಲ್ಲಿಸಬಹುದು.
ಓದುವ ಗಂಡಸನ್ನು ಒಂದೇ ಗುಂಡಿ ಒತ್ತಿ ಅಳಿಸಿದ.
ಪರದೆಯ ಮೇಲೆ, ನಾವು ಎಷ್ಟೋ ಸಲ ನೋಡಿದ್ದ ನಟಿ
ಮೊದಲ ಸಲ ಬಾಯಿ ತೆರೆದಳು.
ಒರಟು ದನಿ, ಸಿಗರೇಟು ಸೇದಿ ಸೇದಿ ಸೀಳಿದ್ದು.
ಬೀಜದ ಪೊಟ್ಟಣದಲ್ಲಿ ವಿಯೆಸ್ವಾವಾಳ ಕೈ ನಿಂತಿತು.
"ಅಯ್ಯೋ, ಇಷ್ಟು ವರ್ಷ ಇವಳನ್ನು
ಆ ಮಹಾರಾಯ ಮುಚ್ಚಿಟ್ಟಿದ್ದನಲ್ಲ!"
ಈರುಳ್ಳಿಯ ಬಗ್ಗೆ ಅವತ್ತು ಅವಳು ಸೊಲ್ಲೆತ್ತಲಿಲ್ಲ.

ಜೆನೊನ್ ಮಾತ್ರ ಕಿಟಕಿಯ ಕಡೆ ತಿರುಗಿ ತಿರುಗಿ ನೋಡುತ್ತಿದ್ದ.
ಮೂರನೇ ಗುರುವಾರ ಪೆಟ್ಟಿಗೆ ಕಿತ್ತಿಟ್ಟ.
"ಓದುವುದಾದರೆ ಪೇಪರು ಇದೆ, ಟೀವಿ ಯಾಕೆ?"
ಅಕ್ಕ ಬೈದಳು. ನಾನೂ ಬೈದೆ.
ಆ ನಟಿಯ ದನಿ ನನ್ನ ಕಿವಿಗೂ ಹತ್ತಿಬಿಟ್ಟಿತ್ತು.
ಅವನು ಹಳೆಯ ಚಾನೆಲ್ಲು ಹಾಕಿ ಗಟ್ಟಿಯಾಗಿ ಕೂತ.

ಜಾಹೀರಾತು ಬಂತು.
ಎದ್ದು ಹೋಗಿ ಅಡುಗೆಮನೆಯ ದೀಪ ಹಾಕಿ ಚಹಾಕ್ಕಿಟ್ಟ.
ಅಂಗಳದಾಚೆ, ಎದುರು ಬ್ಲಾಕಿನ ಮೂರನೇ ಮಹಡಿಯಲ್ಲಿ
ಇನ್ನೊಂದು ಅಡುಗೆಮನೆಯ ದೀಪ ಹತ್ತಿತು.
ಸಿನಿಮಾ ಮತ್ತೆ ಶುರು. ಇದು ಆರಿತು, ಅದೂ ಆರಿತು.
ಕಥೆಯಲ್ಲಿ ಯಾರದೋ ಮನೆ ಉರಿಯಿತು.
ನಮ್ಮ ಗೋಡೆ ಕೆಂಪಾಯಿತು,
ಅಲ್ಲೂ, ತೆಳು ಪರದೆಯ ಹಿಂದೆ,
ಅದೇ ಗಳಿಗೆಗೆ ಕೆಂಪು.

ನನಗೆ ತಿಳಿಯಿತೆಂದು ಅವನಿಗೆ ತಿಳಿಯಿತೋ ಏನೋ.
ಬೀಜದ ಸಿಪ್ಪೆ ಕೊಡವಿ, ಪುಸ್ತಕ ತೆರೆದು ಕೇಳಿದೆ,
"ಏನು ಬರೆಯಲಿ?"
ಕಿಟಕಿಯಿಂದ ಕಣ್ಣು ಕೀಳದೆ ಹೇಳಿದ:
"ಬೀಗ ಪೂರಾ ಸುಳ್ಳು.
ಒಂಬತ್ತು ಹಾಕು."